ಮೀನಿನ ಚರ್ಮದಿಂದ ಕೊಲಾಜೆನ್ ಪೆಪ್ಟೈಡ್: ಕೆಟ್ಟಿದ್ದು ಎಲ್ಲಿ ಎಂದು ಹುಡುಕುವ ಬಗೆ

ಮೂರು ವಾರ ನಾವು ಪೆಪ್ಸಿನ್ ಅನ್ನು, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವವನ್ನು, ಬೈದೆವು. ಹಳೆಯದಾಗಿದೆ, ಕರೆಂಟ್ ಹೋದಾಗ ಫ್ರಿಜ್ಜಿನಲ್ಲೇ ಸತ್ತಿದೆ ಎಂದು ಹೊಸ ಡಬ್ಬಿ ತರಿಸಿದೆವು. ಹೊಸದು ಹಾಕಿದರೂ ಅದೇ ಕಥೆ. ಅಸಿಟಿಕ್ ಆಸಿಡ್‌ನಲ್ಲಿ ಎರಡು ದಿನ ಇದ್ದ ಚರ್ಮ ನೆನೆಸಿದ ಸಬ್ಬಕ್ಕಿಯ ಹಾಗೆ ಉಬ್ಬಿ, ಬೆಳ್ಳಗೆ ಅರೆಪಾರದರ್ಶಕ ಆಗಬೇಕು. ನಮ್ಮದು ಮಳೆಯಲ್ಲಿ ನೆನೆದ ಚಪ್ಪಲಿಯ ಹಾಗೆ ಬಿದ್ದಿತ್ತು. ಕೊನೆಗೆ ಒಬ್ಬ ವಿದ್ಯಾರ್ಥಿನಿ ಬಾಟಲಿ ಎತ್ತಿ ತಳವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಳದ ತುಂಬಾ ಹುರುಪೆ.

ಆಗ ಜೂನ್ ತಿಂಗಳು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಂಗಳೂರು ದಕ್ಕೆಯಿಂದ ತರುತ್ತಿದ್ದ ಕ್ಯಾಟ್‌ಫಿಶ್ ಚರ್ಮ ನಿಂತುಹೋಯಿತು. ಬದಲಿಗೆ ಸಿಹಿನೀರಿನ ಮೀನುಗಳಾದ ಕಾಟ್ಲಾ, ರೋಹು ಚರ್ಮ ತಂದೆವು. ಕ್ಯಾಟ್‌ಫಿಶ್‌ಗೆ ಹುರುಪೆಯೇ ಇರುವುದಿಲ್ಲ. ಕಾಟ್ಲಾಕ್ಕೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಮೀನು ಬದಲಾಯಿತು, ನಮ್ಮ ವಿಧಾನ ಬದಲಾಗಲಿಲ್ಲ. ಅಲ್ಲಿಂದೀಚೆಗೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಏನೇ ಕೆಟ್ಟರೂ ಮೊದಲು ಚರ್ಮ ನೋಡುವುದು, ಆಮೇಲೆ ಅಳತೆಯನ್ನು ಅನುಮಾನಿಸುವುದು, ಕಿಣ್ವವನ್ನು ಕಟ್ಟಕಡೆಗೆ. ಈ ಬರಹವೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಹೋಗುತ್ತದೆ.

ನಿಮ್ಮ ಬಾಟಲಿಯಲ್ಲಿ ಇರುವುದಾದರೂ ಏನು?

ದೋಷ ಹುಡುಕುವ ಮೊದಲು ಇದನ್ನು ಕೇಳಿಕೊಳ್ಳಿ. ಕೊಲಾಜೆನ್, ಜೆಲಾಟಿನ್, ಪೆಪ್ಟೈಡ್ ಎಂಬ ಮೂರು ಪದಗಳನ್ನು ಜನ ಒಂದೇ ಅರ್ಥದಲ್ಲಿ ಬಳಸಿಬಿಡುತ್ತಾರೆ. ಕೊಲಾಜೆನ್ ಅಂದರೆ ಚರ್ಮದ ಒಂದು ಪ್ರೋಟೀನ್, ಮೂರು ಎಳೆ ಸೇರಿಸಿ ಹೊಸೆದ ಹಗ್ಗ. ಒಂದೊಂದು ಎಳೆ ಸುಮಾರು 100 ಕಿಲೋಡಾಲ್ಟನ್ (ಅಣುವಿನ ತೂಕದ ಅಳತೆ), ಹಗ್ಗ ಪೂರ್ತಿ ಸುಮಾರು 300. ಬಿಸಿ ಮಾಡಿದರೆ ಹುರಿ ಬಿಚ್ಚಿ ಎಳೆಗಳು ಬೇರೆಯಾಗುತ್ತವೆ, ಅದು ಜೆಲಾಟಿನ್. ಆ ಎಳೆಗಳನ್ನು ತುಂಡು ತುಂಡು ಮಾಡಿದಾಗ ಪೆಪ್ಟೈಡ್. ಸಾಮಾನ್ಯವಾಗಿ ಅದು ಕೆಲವೇ ಕಿಲೋಡಾಲ್ಟನ್, ಎಷ್ಟೋ ಸಲ ಒಂದಕ್ಕಿಂತಲೂ ಕಡಿಮೆ.

ಇಲ್ಲೇ ತುಂಬಾ ಜನ ಎಡವುತ್ತಾರೆ. ತಣ್ಣನೆಯ ಆಸಿಡ್‌ನಲ್ಲಿ ಪೆಪ್ಸಿನ್ ಹಾಕಿದರೆ ಅದು ಹಗ್ಗದ ತುದಿಯಲ್ಲಿ ಸಡಿಲವಾಗಿ ಜೋತಾಡುವ ಭಾಗವನ್ನು ಮಾತ್ರ ಕಡಿಯುತ್ತದೆ. ನಡುವಿನ ಹುರಿ ಹಾಗೇ ಇರುತ್ತದೆ. ಅಂದರೆ ಪೆಪ್ಸಿನ್ ಹಾಕಿ ತೆಗೆದದ್ದು ಇನ್ನೂ ಕೊಲಾಜೆನ್ನೇ, ಪೆಪ್ಟೈಡ್ ಅಲ್ಲ. 'ನಮ್ಮ ಪೆಪ್ಟೈಡ್ ಲೋಳೆಯಾಗಿದೆ, ಫಿಲ್ಟರ್ ಆಗುತ್ತಿಲ್ಲ' ಎಂದು ಬರುವ ದೂರುಗಳಲ್ಲಿ ಅರ್ಧದಷ್ಟು ಇದೇ.

ಇದಕ್ಕೆ ಯಂತ್ರ ಬೇಡ. 100 ಎಂ.ಎಲ್. ನೀರಿನಲ್ಲಿ 10 ಗ್ರಾಂ ಪುಡಿ ಹಾಕಿ, ಉಗುರುಬೆಚ್ಚಗೆ ಮಾಡಿ ಕರಗಿಸಿ, ರಾತ್ರಿ ಫ್ರಿಜ್ಜಿನಲ್ಲಿ ಇಡಿ. ಬೆಳಗ್ಗೆ ಜೆಲ್ಲಿಯ ಹಾಗೆ ಗಟ್ಟಿಯಾಗಿದ್ದರೆ ಎಳೆಗಳು ಇನ್ನೂ ಉದ್ದವಾಗಿವೆ. ನೀರಿನ ಹಾಗೆ ಹರಿದರೆ ತುಂಡಾಗಿವೆ. ಸಾವಿರಾರು ರೂಪಾಯಿಯ ಟೆಸ್ಟಿಗೆ ಕಳಿಸುವ ಮೊದಲು ಇದನ್ನು ಮಾಡಿ.

ಚರ್ಮ ಉಬ್ಬುತ್ತಿಲ್ಲ

ಅರ್ಧ ಮೋಲಾರ್ ಅಸಿಟಿಕ್ ಆಸಿಡ್ ಅಂದರೆ ಒಂದು ಲೀಟರಿಗೆ ಸುಮಾರು 29 ಎಂ.ಎಲ್. ಗ್ಲೇಸಿಯಲ್ ಆಸಿಡ್. ಅದರ ಪಿಎಚ್ ಸುಮಾರು 2.5 ಇರುತ್ತದೆ. ಚರ್ಮ ಹಾಕಿ ಒಂದು ರಾತ್ರಿ ಕಳೆದ ಮೇಲೆ ಮತ್ತೆ ಅಳೆಯಿರಿ. ಮೂರರ ಒಳಗೇ ಇದ್ದರೆ ಸರಿ. ನಮ್ಮದು 3.9 ತೋರಿಸಿತು. ಹುರುಪೆಯಲ್ಲಿ ಇರುವುದು ಮೂಳೆಯಲ್ಲಿರುವ ಅದೇ ಕ್ಯಾಲ್ಸಿಯಂ ಫಾಸ್ಫೇಟ್. ಅದು ಆಸಿಡ್ ಅನ್ನು ತಿಂದುಹಾಕುತ್ತದೆ. ಕರಗಿ ಬಂದ ಕ್ಯಾಲ್ಸಿಯಂ ಉಪ್ಪು ಚರ್ಮ ಉಬ್ಬುವುದನ್ನೂ ತಡೆಯುತ್ತದೆ. ಜೊತೆಗೆ ಪಿಎಚ್ ಸುಮಾರು 4ಕ್ಕೆ ಬಂದರೆ ಪೆಪ್ಸಿನ್ ಕೂಡ ಮಂಕಾಗುತ್ತದೆ. ನಾವು ಪೆಪ್ಸಿನ್ ಅನ್ನು ಬೈದದ್ದು ಪೂರ್ತಿ ಸುಳ್ಳಲ್ಲ ನೋಡಿ. ಅದು ಕೆಲಸ ಮಾಡುತ್ತಿರಲಿಲ್ಲ, ನಿಜ. ಆದರೆ ತಪ್ಪು ಅದರದ್ದಲ್ಲ.

ಖಚಿತ ಮಾಡಿಕೊಳ್ಳಲು ಎರಡು ಲೋಟದ ಪರೀಕ್ಷೆ ಸಾಕು. ಒಂದೇ ಚರ್ಮದ ಎರಡು ತುಂಡು ತೆಗೆದುಕೊಳ್ಳಿ. ಒಂದರ ಹುರುಪೆಯನ್ನು ಚಾಕುವಿನ ಬೆನ್ನಿನಿಂದ ಕೆರೆದು ಪೂರ್ತಿ ತೆಗೆಯಿರಿ. ಇನ್ನೊಂದನ್ನು ಇದ್ದ ಹಾಗೇ ಬಿಡಿ. ಎರಡಕ್ಕೂ ಹೊಸ ಆಸಿಡ್, ಒಂದೇ ಅಳತೆ, ಫ್ರಿಜ್ಜಿನಲ್ಲಿ ಒಂದು ರಾತ್ರಿ. ಕೆರೆದದ್ದು ಮಾತ್ರ ಉಬ್ಬಿದರೆ ಉತ್ತರ ಸಿಕ್ಕಿತು. ಎರಡೂ ಉಬ್ಬದಿದ್ದರೆ ಉಪ್ಪಿನ ಮೇಲೆ ಅನುಮಾನ ಪಡಿ. ಉಪ್ಪು ಹಾಕಿ ಇಟ್ಟ ಚರ್ಮ ಎಷ್ಟು ಆಸಿಡ್ ಸುರಿದರೂ ಉಬ್ಬುವುದಿಲ್ಲ. ತಣ್ಣೀರು ನಾಲ್ಕೈದು ಸಲ ಬದಲಿಸಿ, ನೀರು ಚಪ್ಪೆಯಾಗುವವರೆಗೂ ತೊಳೆಯಬೇಕು.

ಹುರುಪೆ ಕೆರೆಯುವುದು ಬೇಜಾರಿನ ಕೆಲಸ. ಹಾಗಾಗಿ ಅರ್ಧ ಮೋಲಾರ್ ಇಡಿಟಿಎ, ಪಿಎಚ್ 7.4, ಇದರಲ್ಲಿ ನೆನೆಸಿ ಕ್ಯಾಲ್ಸಿಯಂ ತೆಗೆಯುವ ದಾರಿಯೂ ಉಂಟು. ನಾವೂ ಅದನ್ನೇ ಹಿಡಿದೆವು. ಅದರಿಂದ ಮುಂದೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಉಬ್ಬಿತು, ಆದರೆ ಕೈಗೆ ಬಂದದ್ದು ಕಡಿಮೆ

ಮೊದಲು ಲೆಕ್ಕ ಸರಿ ಇದೆಯೇ ನೋಡಿ. 100 ಗ್ರಾಂ ಹಸಿ ಚರ್ಮದಿಂದ 9 ಗ್ರಾಂ ಪುಡಿ ಬಂದರೆ ಶೇಕಡಾ 9. ಅದೇ ಚರ್ಮದ ಒಣ ತೂಕ 30 ಗ್ರಾಂ ಎಂದಾದರೆ ಶೇಕಡಾ 30. ಎರಡೂ ಸರಿ. ಯಾರದೋ ಒಣ ಲೆಕ್ಕದ ಅಂಕಿಯ ಪಕ್ಕ ನಮ್ಮ ಹಸಿ ಲೆಕ್ಕ ಇಟ್ಟು ಕೊರಗುವುದು ಮಾತ್ರ ತಪ್ಪು. ಪ್ರತಿ ಸಲವೂ ಸ್ವಲ್ಪ ಚರ್ಮ ಓವನ್‌ನಲ್ಲಿ ಒಣಗಿಸಿ ತೇವಾಂಶ ಬರೆದಿಡಿ. ಹಿಮಗಟ್ಟಿಸಿದ ಚರ್ಮ ಕರಗಿದಾಗ ನೀರು ಬಿಡುತ್ತದೆ, ಆ ನೀರು ಬಸಿಯದೆ ತೂಗಿದರೆ ಲೆಕ್ಕ ಇನ್ನೂ ಕೆಡುತ್ತದೆ.

ಲೆಕ್ಕ ಸರಿ ಇದ್ದರೆ ಎರಡನೇ ಅನುಮಾನ ಸೋಡಾದ ಮೇಲೆ. ಬೇಡದ ಪ್ರೋಟೀನ್ ತೆಗೆಯಲು ಚರ್ಮವನ್ನು 0.1 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ, ಅಂದರೆ ಲೀಟರಿಗೆ 4 ಗ್ರಾಂ, ಒಂದಕ್ಕೆ ಹತ್ತು ಪಾಲು ನೀರಿನಲ್ಲಿ, ತಣ್ಣಗೆ ಇಡುತ್ತೇವೆ. ದ್ರಾವಣವನ್ನು ಆಗಾಗ ಬದಲಿಸುತ್ತೇವೆ. ಬೇಗ ಮುಗಿಯಲಿ ಎಂದು ಸೋಡಾ ಜಾಸ್ತಿ ಮಾಡಿದರೆ, ಅಥವಾ ಮೇಜಿನ ಮೇಲೇ ಬಿಟ್ಟರೆ, ಬೇಕಾದ ಕೊಲಾಜೆನ್ ಕೂಡ ಸೋಡಾದ ಜೊತೆ ಚರಂಡಿಗೆ ಹೋಗುತ್ತದೆ. ಚರ್ಮ ಸೋಡಾದಲ್ಲೇ ಲೋಳೆಯಾಗಿ ಉಬ್ಬಿದರೆ ಅದು ಎಚ್ಚರಿಕೆಯ ಗಂಟೆ. ಚೆಲ್ಲುವ ಸೋಡಾದಲ್ಲಿ ಹೈಡ್ರಾಕ್ಸಿಪ್ರೋಲಿನ್ ಎಂಬ ಅಮೈನೋ ಆಸಿಡ್ ಅಳೆದರೆ ಎಷ್ಟು ಕಳೆದುಕೊಂಡಿರಿ ಎಂಬುದು ಗೊತ್ತಾಗುತ್ತದೆ. ಕೊಲಾಜೆನ್ ಬಿಟ್ಟು ಚರ್ಮದ ಉಳಿದ ಪ್ರೋಟೀನುಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಮೂರನೆಯದು ಬಿಸಿ. ಇದು ನಮ್ಮೂರಿನ ಕಾಯಿಲೆ. ಚಳಿ ನೀರಿನ ಕಾಡ್ ಮೀನಿನ ಕೊಲಾಜೆನ್ ಸುಮಾರು 15 ಡಿಗ್ರಿಗೇ ಬಿಚ್ಚಿಕೊಳ್ಳುತ್ತದೆ. ನಮ್ಮ ಬೆಚ್ಚಗಿನ ನೀರಿನ ಮೀನುಗಳದ್ದು ಗಟ್ಟಿ, ಸುಮಾರು 30ರಿಂದ 36 ಡಿಗ್ರಿ ತಡೆಯುತ್ತದೆ. ಮೇ ತಿಂಗಳಲ್ಲಿ ಮಂಗಳೂರಿನ ಒಂದು ಕೋಣೆಯ ಬಿಸಿಯೂ ಅಷ್ಟೇ ಅಲ್ವಾ? ಮಿಕ್ಸಿಯಲ್ಲಿ ಚರ್ಮ ರುಬ್ಬುವಾಗ, ತಂಪು ವ್ಯವಸ್ಥೆ ಇಲ್ಲದ ಸೆಂಟ್ರಿಫ್ಯೂಜ್ ತಿರುಗುವಾಗ ಇನ್ನೂ ಏರುತ್ತದೆ. 'ಹೇಗೂ ಕೊನೆಗೆ ತುಂಡು ಮಾಡುವವರಲ್ಲವೇ, ಬಿಚ್ಚಿಕೊಂಡರೆ ಏನು ನಷ್ಟ?' ಎಂದು ಕೇಳಬಹುದು. ನಷ್ಟ ಇದೆ. ಪೆಪ್ಸಿನ್ ಇರುವಾಗ ಹುರಿ ಬಿಚ್ಚಿದರೆ ಎಳೆಗಳು ಅಲ್ಲೇ ಚೂರಾಗುತ್ತವೆ. ಕರಗಿದ ಕೊಲಾಜೆನ್ ಅನ್ನು ಉಪ್ಪು ಹಾಕಿ ಕೆಳಗೆ ಕೂರಿಸಿ ತೆಗೆಯುತ್ತೇವಲ್ಲ, ಚಿಕ್ಕ ಚೂರು ಹಾಗೆ ಕೂರುವುದಿಲ್ಲ. ಮೇಲಿನ ತಿಳಿ ನೀರಿನ ಜೊತೆ ನೀವೇ ಅದನ್ನು ಚೆಲ್ಲುತ್ತೀರಿ. ಐಸ್ ಹಾಕಿ ರುಬ್ಬಿ, ಒಂದು ಸಲಕ್ಕೆ ಕೆಲವೇ ಸೆಕೆಂಡು.

ಉಪ್ಪಿನ ಹಂತದಲ್ಲಿ ಕೊನೆಯ ಸಾಂದ್ರತೆ 2.6 ಮೋಲಾರ್ ಮುಟ್ಟಬೇಕು ಎನ್ನುವ ವಿಧಾನ ಹಿಡಿದಿದ್ದರೆ, ಲೀಟರಿಗೆ ಸುಮಾರು 152 ಗ್ರಾಂ ಬೇಕು. ಕರಗಿದ ಮೇಲೆ ಗಾತ್ರ ಹಿಗ್ಗುವುದನ್ನು ಮರೆತರೆ ಕಡಿಮೆ ಬೀಳುತ್ತದೆ. ನಿಧಾನ ಕದಡುತ್ತಾ ಹಾಕಿ, ಇಲ್ಲವಾದರೆ ಮೇಲೆ ಗಂಟು, ಕೆಳಗೆ ನೀರು.

ಒಂದು ಮಾತು. ಬೇಕಾದ್ದು ಪೆಪ್ಟೈಡ್ ಮಾತ್ರ ಆಗಿದ್ದರೆ ಇಷ್ಟೆಲ್ಲ ತಣ್ಣನೆಯ ಸಂಭ್ರಮ ಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಸೋಡಾ, ಆಸಿಡ್ ಮುಗಿಸಿ ತೊಳೆದ ಚರ್ಮವನ್ನು 50ರಿಂದ 60 ಡಿಗ್ರಿ ನೀರಿನಲ್ಲಿ ಕೆಲವು ಗಂಟೆ ಇಟ್ಟು ಜೆಲಾಟಿನ್ ಮಾಡಿ, ನೇರ ಕಿಣ್ವಕ್ಕೆ ಕೊಡಿ. ಕೆಡುವ ಜಾಗಗಳು ಅರ್ಧಕ್ಕೆ ಇಳಿಯುತ್ತವೆ.

ಕಿಣ್ವ ಕತ್ತರಿಸುತ್ತಿಲ್ಲ

ಆಲ್ಕಲೇಸ್ ಎಂಬ ಕಿಣ್ವ ಬಳಸುತ್ತಿದ್ದರೆ ಪತ್ತೆ ಸುಲಭ. ಪಿಎಚ್ 8, ಸುಮಾರು 55 ಡಿಗ್ರಿ. ಅದು ಎಳೆಯ ಕೊಂಡಿ ಕತ್ತರಿಸಿದಂತೆಲ್ಲ ಪಿಎಚ್ ಇಳಿಯುತ್ತದೆ, ನೀವು ಸೋಡಾ ತೊಟ್ಟಿಕ್ಕಿಸಿ ಮೇಲೆ ತರುತ್ತೀರಿ. ಮೊದಲ ಕಾಲು ಗಂಟೆ ಸೋಡಾ ಗಬಗಬನೆ ಖರ್ಚಾಗಿ, ಆಮೇಲೆ ನಿಧಾನವಾಗಬೇಕು. ಶುರುವಿನಿಂದಲೇ ಪಿಎಚ್ ಅಲುಗಾಡದೆ ನಿಂತರೆ ಮೂರು ಕಾರಣ ಇರಬಹುದು.

ಒಂದು, ಹುರಿ ಬಿಚ್ಚಿಲ್ಲ. ಬಿಚ್ಚದ ಕೊಲಾಜೆನ್ ಅನ್ನು ಬಹುತೇಕ ಕಿಣ್ವಗಳು ಮುಟ್ಟಲಾರವು. ತಣ್ಣಗೆ ತೆಗೆದ ಕೊಲಾಜೆನ್ ಆದರೆ ಮೊದಲು ಬಿಸಿ ಮಾಡಿ ಜೆಲಾಟಿನ್ ಮಾಡಿ, ಆಮೇಲೆ ಕಿಣ್ವ ಹಾಕಿ. ಎರಡು, ಮೀಟರಿನ ತುದಿಗೆ ಪ್ರೋಟೀನ್ ಮೆತ್ತಿಕೊಂಡಿದೆ. ಆಗ ಅಂಕಿ ಸುಮ್ನೆ ಒಂದೇ ಕಡೆ ನಿಂತಿರುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ಪೆಪ್ಸಿನ್ ದ್ರಾವಣದಲ್ಲಿ ಅದ್ದಿಟ್ಟರೆ ಶುಚಿಯಾಗುತ್ತದೆ. ನಾವು ಬೈದು ಮೂಲೆಗೆ ತಳ್ಳಿದ ಹಳೆಯ ಪೆಪ್ಸಿನ್ ಡಬ್ಬಿ ಈಗ ಈ ಕೆಲಸಕ್ಕೆ ಬಂದಿದೆ. ಮೂರು, ಕಿಣ್ವ ನಿಜಕ್ಕೂ ಸತ್ತಿದೆ. ಅಂಗಡಿಯ ಜೆಲಾಟಿನ್ ಪುಡಿ ಕರಗಿಸಿ ಅದೇ ಕಿಣ್ವ ಹಾಕಿ, ಒಂದು ಗಂಟೆ ಬಿಟ್ಟು, ಬೇಯಿಸಿ, ಫ್ರಿಜ್ಜಿನಲ್ಲಿಡಿ. ಕಿಣ್ವ ಹಾಕದ ಇನ್ನೊಂದು ಬಾಟಲಿಯನ್ನೂ ಪಕ್ಕದಲ್ಲಿಡಿ. ಎರಡೂ ಗಟ್ಟಿಯಾದರೆ ಹೊಸ ಕಿಣ್ವಕ್ಕೆ ಆರ್ಡರ್ ಕೊಡಿ.

ಪಪಾಯಿಯ ಪಪೇನ್ ಬಳಸುವವರಿಗೆ ಸೋಡಾ ಖರ್ಚಿನ ಲೆಕ್ಕ ನಡೆಯದು. ಅದು ಕೆಲಸ ಮಾಡುವ 6ರಿಂದ 7ರ ಪಿಎಚ್‌ನಲ್ಲಿ ಇಳಿತ ಅಷ್ಟು ಕಾಣುವುದಿಲ್ಲ. ಗಾಳಿಗೆ ಬಿಟ್ಟ ಪಪೇನ್ ಆಕ್ಸಿಡೈಸ್ ಆಗಿ ಮಂಕಾಗುತ್ತದೆ, ಸ್ವಲ್ಪ ಸಿಸ್ಟೀನ್ ಹಾಕಿದರೆ ಚುರುಕಾಗುತ್ತದೆ. ಇನ್ನೊಂದು ಕಿರಿಕಿರಿ ಇದೆ. ಪಪೇನ್ ಬಿಸಿಗೆ ಸುಲಭವಾಗಿ ಸಾಯುವುದಿಲ್ಲ. ಕೊನೆಯಲ್ಲಿ 90 ಡಿಗ್ರಿಗಿಂತ ಮೇಲೆ ಕಾಲು ಗಂಟೆ ಇಡಿ. ಥರ್ಮಾಮೀಟರ್ ಬಾಟಲಿಯ ಒಳಗಿರಲಿ, ಹೊರಗಿನ ನೀರಿನಲ್ಲಿ ಅಲ್ಲ. ಫ್ರಿಜ್ಜಿನಲ್ಲಿಟ್ಟ ಮಾದರಿಯಲ್ಲಿ ಎಷ್ಟು ಕೊಂಡಿ ಕತ್ತರಿಸಿದೆ ಎಂಬ ಅಂಕಿ ವಾರದಿಂದ ವಾರಕ್ಕೆ ಏರುತ್ತಿದ್ದರೆ ಒಳಗೆ ಪಪೇನ್ ಇನ್ನೂ ಬದುಕಿದೆ ಎಂದು ಅರ್ಥ.

ಅಂಕಿ ಸುಳ್ಳು ಹೇಳುತ್ತಿದೆ

ನಮ್ಮ ಒಂದು ಪುಡಿಯಲ್ಲಿ ಪ್ರೋಟೀನ್ ಶೇಕಡಾ 104 ಬಂತು. ಎಲ್ಲರೂ ನಕ್ಕೆವು. ಆಮೇಲೆ ಯೋಚನೆ ಮಾಡಿದರೆ, ಕೆಲ್ದಾಲ್ ವಿಧಾನದಲ್ಲಿ ಸಾರಜನಕವನ್ನು ರೂಢಿಯಂತೆ 6.25ರಿಂದ ಗುಣಿಸಿದ್ದೆವು. ಕೊಲಾಜೆನ್‌ನ ಅಮೈನೋ ಆಸಿಡ್‌ಗಳಲ್ಲಿ ಗ್ಲೈಸಿನ್ ಮೂರರಲ್ಲಿ ಒಂದು ಪಾಲು. ಸಾರಜನಕ ಜಾಸ್ತಿ, ಸುಮಾರು ಶೇಕಡಾ 18. ಇದಕ್ಕೆ 5.55ರಿಂದ ಗುಣಿಸಬೇಕು. ಹಾಗೆ ಮಾಡಿದಾಗ ಉತ್ತರ 92ರ ಆಸುಪಾಸಿಗೆ ಬಂತು, ಉಳಿದದ್ದು ತೇವ ಮತ್ತು ಬೂದಿ.

ಬ್ರಾಡ್‌ಫರ್ಡ್ ವಿಧಾನದಲ್ಲಿ ಇದರ ಉಲ್ಟಾ ಆಗುತ್ತದೆ. ಅದರ ನೀಲಿ ಬಣ್ಣ ಚಿಕ್ಕ ಪೆಪ್ಟೈಡ್‌ಗಳಿಗೆ ಸರಿಯಾಗಿ ಅಂಟುವುದೇ ಇಲ್ಲ. ಕೊಲಾಜೆನ್‌ಗೂ ಕಡಿಮೆಯೇ. ಒಳ್ಳೆಯ ಪೆಪ್ಟೈಡ್ ಆದಷ್ಟೂ 'ಪ್ರೋಟೀನ್ ಇಲ್ಲ' ಎನ್ನುತ್ತದೆ. 280 ನ್ಯಾನೋಮೀಟರ್ ಬೆಳಕಿನಲ್ಲಿ ನೋಡುವುದೂ ದಂಡ. ಕೊಲಾಜೆನ್ ಎಳೆಯಲ್ಲಿ ಟ್ರಿಪ್ಟೋಫಾನ್ ಇಲ್ಲ, ಟೈರೋಸಿನ್ ಅಪರೂಪ. ಹಾಗೆ ನೋಡಿದರೆ ನಿಮ್ಮ ಮಾದರಿ 280ರಲ್ಲಿ ಬೆಳಕನ್ನು ತುಂಬಾ ಹೀರುತ್ತಿದ್ದರೆ ಬೇರೆ ಪ್ರೋಟೀನ್ ಉಳಿದಿದೆ ಎಂದು ಅನುಮಾನ ಪಡಬೇಕು.

ಎಷ್ಟು ಕೊಂಡಿ ಕತ್ತರಿಸಿತು ಎಂಬ ಶೇಕಡಾ ಲೆಕ್ಕದಲ್ಲೂ ಇದೇ ಗೋಳು. ಸೋಡಾ ಖರ್ಚಿನಿಂದ ಲೆಕ್ಕ ಹಾಕುವವರು ಒಂದು ಗ್ರಾಂ ಜೆಲಾಟಿನ್‌ಗೆ 11.1 ಮಿಲಿಈಕ್ವಿವಲೆಂಟ್ ಕೊಂಡಿ ಎಂದು ಹಿಡಿಯಬೇಕು. ಬೇರೆ ಪ್ರೋಟೀನಿನ 8 ಹಾಕಿದರೆ 10 ಇರುವುದು ಸುಮಾರು 14 ಆಗಿ ಕಾಣುತ್ತದೆ. ತುಂಡುಗಳ ಬಿಡಿ ತುದಿಗಳನ್ನು ರಾಸಾಯನಿಕದಿಂದ ಎಣಿಸುವ ಓಪಿಎ ವಿಧಾನದಲ್ಲಿ ಕಡಿಮೆ ಕಾಣುತ್ತದೆ. ತುದಿಯಲ್ಲಿ ಪ್ರೋಲಿನ್ ಅಥವಾ ಹೈಡ್ರಾಕ್ಸಿಪ್ರೋಲಿನ್ ಕೂತಿದ್ದರೆ ಓಪಿಎ ಅದನ್ನು ಗುರುತಿಸುವುದಿಲ್ಲ, ಕೊಲಾಜೆನ್‌ನಲ್ಲಿ ಅವೆರಡೂ ಯಥೇಚ್ಛ. ಒಂದು ವಿಧಾನ ಹಿಡಿದು ಕೊನೆಯವರೆಗೂ ಅದನ್ನೇ ನಡೆಸಿ.

ತುಂಡುಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್ ಓಡಿಸಿದರೆ ಏನೂ ಕಾಣುತ್ತಿಲ್ಲವೇ? ಮಾಮೂಲಿ ಶೇಕಡಾ 10ರ ಜೆಲ್‌ನಿಂದ ಚಿಕ್ಕ ತುಂಡುಗಳು ಕೆಳಗಿನಿಂದ ಓಡಿಹೋಗಿರುತ್ತವೆ. ಉಳಿದವು ಬಣ್ಣ ತೊಳೆಯುವಾಗ ಹೋಗುತ್ತವೆ. ಚಿಕ್ಕ ತುಂಡುಗಳನ್ನು ಹಿಡಿಯುವ ಟ್ರೈಸಿನ್ ಜೆಲ್ ಹಾಕಿ. ದೊಡ್ಡ ಪಟ್ಟಿಗಳು ಮಾಯವಾಗಿವೆ ಎಂಬುದಷ್ಟೇ ಬೇಕಿದ್ದರೆ ಮಾಮೂಲಿ ಜೆಲ್ಲೇ ಸಾಕು. ಅಂದಹಾಗೆ ಕೊಲಾಜೆನ್ ಎಳೆಗಳು ಜೆಲ್‌ನಲ್ಲಿ ಸ್ವಲ್ಪ ನಿಧಾನ ಓಡುತ್ತವೆ. 100ರ ಬದಲು 120, 130ರ ಹತ್ತಿರ ಕಂಡರೆ ಗಾಬರಿ ಬೇಡ.

ವಾಸನೆ, ಕಹಿ, ಅಂಟು

ಮೀನು ವಾಸನೆ ಬರುವುದು ಬಹುತೇಕ ಕೊಬ್ಬಿನಿಂದ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನ ಚರ್ಮ ತಂದರೆ ಈ ಜಗಳ ತಪ್ಪದು. ಚರ್ಮದ ಒಳಬದಿಗೆ ಅಂಟಿದ ಮಾಂಸ, ಕೊಬ್ಬನ್ನು ಮೊದಲೇ ಕೆರೆಯಿರಿ. ಕೊಬ್ಬು ತೆಗೆಯಲು ಲ್ಯಾಬಿಗೆ ಶೇಕಡಾ 10ರ ಬ್ಯೂಟನಾಲ್ ನಡೆಯುತ್ತದೆ, ತಿನ್ನುವ ಪುಡಿಗೆ ಬೇಡ. ಒಮ್ಮೆ ಕಮಟು ಹಿಡಿದ ಚರ್ಮವನ್ನು ಮುಂದೆ ಯಾವ ಹಂತವೂ ಸರಿಮಾಡುವುದಿಲ್ಲ. ಎಸೆಯಿರಿ.

ಕಹಿ ಬಂದರೆ ನೀರಿಗೆ ಒಗ್ಗದ ತುದಿಗಳಿರುವ ತುಂಡುಗಳು ಜಾಸ್ತಿಯಾಗಿವೆ. ಆಲ್ಕಲೇಸ್ ಹೊತ್ತು ಕಡಿಮೆ ಮಾಡಿ, ಅಥವಾ ತುದಿಯಿಂದ ಒಂದೊಂದೇ ಅಮೈನೋ ಆಸಿಡ್ ಕಡಿಯುವ ಫ್ಲೇವರ್‌ಜೈಮ್ ಆಮೇಲೆ ಹಾಕಿ. ಇದ್ದಿಲು ಪುಡಿಯಿಂದ ಕಹಿ, ಬಣ್ಣ ಎರಡೂ ಹೋಗುತ್ತವೆ. ಆದರೆ ಇದ್ದಿಲು ಎಳೆದುಕೊಳ್ಳುವುದು ಅದೇ ನೀರಿಗೆ ಒಗ್ಗದ ಪೆಪ್ಟೈಡ್‌ಗಳನ್ನು, ನೀವು ಹುಡುಕುತ್ತಿರುವ ಗುಣ ಅವುಗಳಲ್ಲೇ ಇರಬಹುದು. ಮೊದಲು ಸ್ವಲ್ಪಕ್ಕೆ ಹಾಕಿ, ಹಿಂದೆ ಮುಂದೆ ಎರಡನ್ನೂ ಅಳೆದು ನೋಡಿ.

ಪುಡಿ ಮಳೆಗಾಲದಲ್ಲಿ ಅಂಟಾಗುವುದು ಅದರ ಸ್ವಭಾವ. ಚಿಕ್ಕ ಪೆಪ್ಟೈಡ್ ಗಾಳಿಯ ನೀರನ್ನು ಬೆಲ್ಲಕ್ಕಿಂತ ಬೇಗ ಹೀರುತ್ತದೆ. ಉಪ್ಪುಪ್ಪಾಗಿದ್ದರೆ ಮಾತ್ರ ತಪ್ಪು ನಿಮ್ಮದು. ಪಿಎಚ್ ಸರಿಮಾಡಲು ಸುರಿದ ಸೋಡಾ, ಆಸಿಡ್ ಎರಡೂ ಸೇರಿ ಉಪ್ಪಾಗಿ ಅಲ್ಲೇ ಕೂತಿವೆ. ಮೀನು ತಿಂದರೆ ಅಲರ್ಜಿ ಆಗುವವರು ರುಚಿ ನೋಡುವ ಸಾಲಿನಲ್ಲಿ ನಿಲ್ಲಬಾರದು, ಮೀನಿನ ಕೊಲಾಜೆನ್ ಕೂಡ ಅಲರ್ಜಿ ತರಬಲ್ಲದು.

ಫಲಿತಾಂಶ ಅತಿ ಚೆನ್ನಾಗಿದೆ

ಕೆಟ್ಟ ಫಲಿತಾಂಶವನ್ನು ಎಲ್ಲರೂ ಅನುಮಾನಿಸುತ್ತಾರೆ. ಆಂಟಿಆಕ್ಸಿಡೆಂಟ್ ಗುಣ ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ ಅಂಕಿ ಕಡಿಮೆ ಬಂದರೆ ಬಾಟಲಿ ಎತ್ತಿ ನೋಡಿ. ಆ ಪರೀಕ್ಷೆ ಎಥನಾಲ್‌ನಲ್ಲಿ ನಡೆಯುತ್ತದೆ, ಪೆಪ್ಟೈಡ್ ಅದರಲ್ಲಿ ಒಡೆದ ಹಾಲಿನಂತೆ ಮೋಡ ಕಟ್ಟುತ್ತದೆ. ಮೋಡ 517 ನ್ಯಾನೋಮೀಟರ್‌ನಲ್ಲಿ ಬೆಳಕನ್ನು ತಡೆಯುತ್ತದೆ, ಯಂತ್ರ ಅದನ್ನು 'ಗುಣವಿಲ್ಲ' ಎಂದು ಓದುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಡಿಪಿಪಿಎಚ್ ಇಲ್ಲದ ಮಾದರಿಯನ್ನೂ ಓದಿ ಕಳೆಯಿರಿ.

ನಾವು ಅನುಮಾನಿಸದೆ ಹೋದದ್ದು ಒಳ್ಳೆಯ ಫಲಿತಾಂಶವನ್ನು. ರಕ್ತದೊತ್ತಡಕ್ಕೆ ಸಂಬಂಧಪಟ್ಟ ಏಸ್ ಕಿಣ್ವವನ್ನು ಪೆಪ್ಟೈಡ್ ಎಷ್ಟು ತಡೆಯುತ್ತದೆ ಎಂದು ನೋಡುತ್ತಿದ್ದೆವು. ಫಿಲ್ಟರಿನಿಂದ ಬೇರೆ ಮಾಡಿದ ಭಾಗಗಳಲ್ಲಿ 1 ಕಿಲೋಡಾಲ್ಟನ್‌ಗಿಂತ ಚಿಕ್ಕದು ಎಲ್ಲಕ್ಕಿಂತ ಜೋರಾಗಿ ತಡೆಯಿತು. ಚಿಕ್ಕ ಪೆಪ್ಟೈಡ್ ಚೆನ್ನಾಗಿ ತಡೆಯುತ್ತದೆ ಎಂಬುದು ಎಲ್ಲರೂ ಓದಿದ ಮಾತು. ಖುಷಿಯಿಂದ ಬರೆದುಕೊಂಡೆವು.

ಮುಂದಿನ ಸಲ ಕೈಯಿಂದ ಕೆರೆದ ಚರ್ಮ ಬಳಸಿದೆವು. ಅದೇ ಕಿಣ್ವ, ಅದೇ ಫಿಲ್ಟರ್. ತಡೆಯುವ ಶಕ್ತಿ ಪಾತಾಳಕ್ಕೆ ಇಳಿಯಿತು. ಎರಡಕ್ಕೂ ನಡುವೆ ಇದ್ದ ವ್ಯತ್ಯಾಸ ಒಂದೇ, ಇಡಿಟಿಎ. ಏಸ್ ಕಿಣ್ವದ ಹೊಟ್ಟೆಯಲ್ಲಿ ಸತು ಇದೆ, ಅದಿಲ್ಲದೆ ಅದು ನಡೆಯುವುದಿಲ್ಲ. ಇಡಿಟಿಎಯ ಕಸುಬೇ ಲೋಹ ಕಿತ್ತುಕೊಳ್ಳುವುದು. ಚರ್ಮ ತೊಳೆದಿದ್ದೆವು, ಆದರೆ ಸಾಲುವಷ್ಟು ಅಲ್ಲ. ಆಸಿಡ್ ತಗುಲಿದಾಗ ಇಡಿಟಿಎ ಸರಿಯಾಗಿ ಕರಗದೆ ಚರ್ಮದ ಮಡಿಕೆಗಳಲ್ಲಿ ಬಿಳಿ ಹುಡಿಯಾಗಿ ಉಳಿದಿತ್ತು. ಆಲ್ಕಲೇಸ್‌ಗೆ ಪಿಎಚ್ 8 ಮಾಡಿದಾಗ ಮತ್ತೆ ಕರಗಿತು. ತೂಕ 292 ಡಾಲ್ಟನ್ ತಾನೇ, ಚಿಕ್ಕ ಪೆಪ್ಟೈಡ್‌ಗಳ ಜೊತೆ ಸಲೀಸಾಗಿ ಫಿಲ್ಟರ್ ದಾಟಿತು.

ಈಗ ಇಡಿಟಿಎ ಬಳಸಿದ ಮೇಲೆ ಆಸಿಡ್‌ಗೆ ಹಾಕುವ ಮೊದಲು ಕೊನೆಯ ತೊಳೆದ ನೀರನ್ನು ಒಂದು ಚಿಕ್ಕ ಬಾಟಲಿಯಲ್ಲಿ ಎತ್ತಿಡುತ್ತೇವೆ. ಪೆಪ್ಟೈಡ್ ಜೊತೆಗೆ ಆ ನೀರನ್ನೂ ಏಸ್ ಪರೀಕ್ಷೆಗೆ ಹಾಕುತ್ತೇವೆ. ನೀರೇ ಕಿಣ್ವವನ್ನು ತಡೆದರೆ ಆ ಸಲದ ಪೂರ್ತಿ ಸರಕನ್ನು ಲೆಕ್ಕದಿಂದ ಹೊರಗಿಟ್ಟು, ಕಾಟ್ಲಾ ಚರ್ಮ ಹಿಡಿದು ಕೆರೆಯಲು ಕೂರುತ್ತೇವೆ.